ರಿಕಾರ್ಡು ಮೀಮಾಂಸೆ: ವಳಸಂಗದ ಹೊಸ ಕೇಳುಗನ ಹಿತಾರ್ಥ ರಚಿಸಿದ ಸಟೀಕ ಗ್ರಂಥ

ಯಾವ ಶಾಸ್ತ್ರವನ್ನೂ ನೇರವಾಗಿ ಶುರು ಮಾಡಬಾರದು ಎಂಬುದು ಹಿಂದಿನವರ ಕಟ್ಟಳೆ. ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲು ಗೊತ್ತುಮಾಡಬೇಕು. ಅಷ್ಟರಲ್ಲಿ ಓದುಗ ಎದ್ದುಹೋಗದೆ ಉಳಿದಿದ್ದರೆ ಮುಂದುವರಿಯಬೇಕು. ಈ ಗ್ರಂಥದ ವಿಷಯ, ಯುರೋಪಿನವರು ಆಪೆರಾ ಎನ್ನುವ, ಸಾಂಗ್ಲಿಯವರು ಸಂಗೀತ ನಾಟಕ ಎನ್ನುವ ಹಾಡಿನ ನಾಟಕದ ರಿಕಾರ್ಡುಗಳಲ್ಲಿ ಹೊಸಬ ಮೊದಲು ಯಾವುದನ್ನು ಕೇಳಬೇಕು ಎಂಬುದು. ಪ್ರಯೋಜನ, ಕಿಸೆಯ ದುಡ್ಡು ಉಳಿಯುವುದು ಮತ್ತು ಮನೆಯವರ ನಿದ್ದೆ ಉಳಿಯುವುದು. ಗ್ರಂಥಕ್ಕೂ ಪ್ರಯೋಜನಕ್ಕೂ ಇರುವ ಸಂಬಂಧವನ್ನು ಹೇಳಬೇಕಂತೆ. ಎಷ್ಟೋ ಮಹಾಗ್ರಂಥಗಳಲ್ಲೇ ಅದು ಸಿಗುವುದಿಲ್ಲವಾದ್ದರಿಂದ ಇಲ್ಲಿ ಒತ್ತಾಯವಿಲ್ಲ.

ಅಧಿಕಾರಿ ಮಾತ್ರ ಸ್ಪಷ್ಟ. ಅವನು ಸಾಂಗ್ಲಿ ಜಿಲ್ಲೆ ಜತ್ತ ತಾಲ್ಲೂಕಿನ ವಳಸಂಗದವನು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಮೊಬೈಲಿನಲ್ಲಿ ಹಿಂದಿ. ಗುಡ್ಡಾಪುರದ ದಾನಮ್ಮನ ಜಾತ್ರೆಯಲ್ಲಿ ಭಜನೆ ಕೇಳಿದವನು, ಬಯಲಾಟಕ್ಕೆ ರಾತ್ರಿಯಿಡೀ ಕಂಬಳಿ ಹೊದ್ದು ಕೂತವನು, ರಾಗದ ಹೆಸರು ಎತ್ತಿದರೆ ಸುಮ್ಮನೆ ತಲೆಯಾಡಿಸುವಷ್ಟು ಲೋಕಜ್ಞಾನ ಉಳ್ಳವನು. ಸೋಲಾಪುರದ ಕಡೆಗೂ ಇನ್ನೊಂದು ವಳಸಂಗವಿದೆಯಲ್ಲ, ಇದು ಯಾವುದು ಎಂದು ಪಾಠಾಂತರಪ್ರಿಯರು ಕೇಳಬಹುದು. ಆ ಊರಿನವರೂ ಈ ಗ್ರಂಥ ಓದಿದರೆ ದೋಷವಿಲ್ಲ. ಫಲದಲ್ಲಿ ಮಾತ್ರ ಜತ್ತದವರಿಗೆ ಮೊದಲ ಪಾಲು.

ಈಗ ಪೂರ್ವಪಕ್ಷ. ಆಪೆರಾ ಎಂಬುದು ಪರದೇಶದ್ದು. ಮಾಂಟೊವಾ ಪಟ್ಟಣದ ಅರಮನೆಯಲ್ಲಿ 1607ರಲ್ಲಿ ಮೊಂಟೆವೆರ್ಡಿಯ ‘ಓರ್ಫೆಯೊ’ ಆಡಿದಾಗ ವಳಸಂಗದಿಂದ ಯಾರೂ ಹೋಗಿರಲಿಲ್ಲ. ಆದ್ದರಿಂದ ಬಿಳಿಜೋಳ ಬೆಳೆಯುವ ಬರದ ಸೀಮೆಯವನಿಗೆ ಇದರ ಉಸಾಬರಿ ಯಾಕೆ?

ಇದಕ್ಕೆ ಸಿದ್ಧಾಂತಿಯ ಉತ್ತರ ಬಲವಾದದ್ದು. 1842ರಲ್ಲಿ ಹೊನ್ನಾವರದ ಹತ್ತಿರದ ಕರ್ಕಿಯ ಭಾಗವತರ ಮೇಳವೊಂದು ಸಾಂಗ್ಲಿಗೆ ಬಂದು ಅಲ್ಲಿಯ ಅರಸ ಚಿಂತಾಮಣರಾವ್ ಪಟವರ್ಧನರ ಮುಂದೆ ಆಟ ಆಡಿತು. ಇಂಥದೊಂದು ನಮ್ಮ ಮರಾಠಿಯಲ್ಲಿ ಬೇಕು ಎಂದು ಅರಸರು ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಹೇಳಿದರು. ಮರುವರ್ಷ ನವೆಂಬರ್ 5ರಂದು ‘ಸೀತಾ ಸ್ವಯಂವರ’ ರಂಗಕ್ಕೆ ಬಂತು. ಮರಾಠಿ ರಂಗಭೂಮಿ ದಿನವೆಂದು ಇಂದಿಗೂ ಆಚರಿಸುವುದು ಅದೇ ತಾರೀಖನ್ನು. ಮುಂದೆ 1880ರ ಅಕ್ಟೋಬರ್ 31ರಂದು ಪುಣೆಯಲ್ಲಿ ‘ಸಂಗೀತ ಶಾಕುಂತಲ’ವನ್ನು ಆಡಿಸಿ ಮರಾಠಿ ಸಂಗೀತ ನಾಟಕದ ಯುಗ ತೆರೆದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಈಗಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ‘ಶಾರದಾ’ ಬರೆದ ಗೋವಿಂದ ಬಲ್ಲಾಳ ದೇವಲರೂ ‘ಮಾನಾಪಮಾನ’ ಬರೆದ ಕೃಷ್ಣಾಜಿ ಪ್ರಭಾಕರ ಖಾಡಿಲಕರರೂ ಸಾಂಗ್ಲಿ ಸೀಮೆಯವರು. ಹಳೆಯ ಮರಾಠಿ ನಾಟಕದ ಪುಸ್ತಕ ತೆರೆದರೆ ಪ್ರತಿ ಪದದ ನೆತ್ತಿಯ ಮೇಲೆ ‘ಚಾಲ್’ ಎಂದು ಬರೆದು ಯಾವ ಮಟ್ಟಿನಲ್ಲಿ ಹಾಡಬೇಕೆಂದು ತಿಳಿಸಿರುತ್ತಾರೆ. ಅವುಗಳಲ್ಲಿ ಕನ್ನಡ ಹಾಡಿನ ಮಟ್ಟುಗಳೂ ಸೇರಿವೆ. ಜತ್ತ ತಾಲ್ಲೂಕಿನ ಕನ್ನಡ ಊರುಗಳು ಎತ್ತ ಸೇರಬೇಕೆಂದು 1967ರ ಮಹಾಜನ ವರದಿಯಿಂದ 2022ರ ನವೆಂಬರ್ ತಿಂಗಳ ಪತ್ರಿಕಾ ಹೇಳಿಕೆಗಳ ತನಕ ವಾದ ನಡೆದೇ ಇದೆ. ಮಟ್ಟುಗಳು ಯಾವ ಆಯೋಗಕ್ಕೂ ಅರ್ಜಿ ಕೊಡದೆ ನೂರಾನಲವತ್ತು ವರ್ಷದ ಹಿಂದೆಯೇ ಗಡಿ ದಾಟಿ ಹೋಗಿ ಅಲ್ಲೇ ಮನೆ ಮಾಡಿದವು.

ಆದ್ದರಿಂದ ವಳಸಂಗದವನು ಈ ವಿದ್ಯೆಗೆ ಬೀಗರ ಕಡೆಯವನು. ಪೂರ್ವಪಕ್ಷ ಬಿತ್ತು.

ಇನ್ನು ಪ್ರಮಾಣ ವಿಚಾರ. ರಿಕಾರ್ಡು ಎಂಬುದು ಪ್ರತ್ಯಕ್ಷವೋ ಅನುಮಾನವೋ? ಹಾಡುವವನು ಎದುರಿಗಿಲ್ಲ, ಸತ್ತು ಎಷ್ಟೋ ವರ್ಷವಾಗಿದೆ, ಆದರೂ ಕೆಮ್ಮಿದ್ದು ಕೇಳಿಸುತ್ತದೆ. ಈ ತೊಡಕಿನ ಮೂಲಪುರುಷ ಫ್ರೆಡ್ ಗೈಸ್ಬರ್ಗ್ ಎಂಬ ಅಮೆರಿಕದವನು. ಗ್ರಾಮೋಫೋನ್ ಕಂಪನಿಯ ಪರವಾಗಿ ಅವನು 1902ರ ಏಪ್ರಿಲಿನಲ್ಲಿ ಮಿಲಾನಿನ ಹೋಟೆಲೊಂದರಲ್ಲಿ ಎನ್ರಿಕೊ ಕರೂಸೊ ಎಂಬ ಎಳೆಯ ಗಾಯಕನ ಹತ್ತು ಹಾಡು ಹಿಡಿದ. ಹತ್ತಕ್ಕೆ ನೂರು ಪೌಂಡು ಕೇಳಿದನೆಂದು ಲಂಡನ್ನಿನ ಯಜಮಾನರು, ಇಷ್ಟು ಕೊಡಬೇಡ ಎಂದು ತಂತಿ ಹೊಡೆದರಂತೆ. ತಂತಿಗೆ ಕಿವಿಗೊಡದೆ ಗೈಸ್ಬರ್ಗ್ ಕೆಲಸ ಮುಗಿಸಿದ. ಅದೇ ವರ್ಷದ ನವೆಂಬರಿನಲ್ಲಿ ಅದೇ ಮನುಷ್ಯ ಕಲಕತ್ತೆಗೆ ಬಂದು ಗೌಹರ್ ಜಾನಳ ದನಿ ಹಿಡಿದ. ಒಂದೇ ವರ್ಷ, ಒಂದೇ ಯಂತ್ರವಿದ್ಯೆ, ಒಂದೇ ಕಂಪನಿ: ಮಿಲಾನಿನ ಆಪೆರಾ ರಿಕಾರ್ಡೂ ಹಿಂದೂಸ್ತಾನಿ ರಿಕಾರ್ಡೂ ಅವಳಿ ಮಕ್ಕಳು ಎಂದು ಮೀಮಾಂಸಕರು ಗಟ್ಟಿಯಾಗಿ ಹೇಳಬಹುದು.

ಆ ಕಾಲದ ಹಾಡುಗಾರ್ತಿಯರು ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಕೂಗುತ್ತಿದ್ದರು. ಹೊಸ ಕೇಳುಗರು ಇದನ್ನು ಅಹಂಕಾರವೆಂದು ತಿಳಿಯುವುದುಂಟು. ರಿಕಾರ್ಡು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯವರಿಗೆ ಇದು ಯಾರ ಹಾಡು, ಯಾವ ಚೀಟಿ ಅಂಟಿಸಬೇಕು ಎಂದು ತಿಳಿಯಲು ಆ ಕೂಗು. ಕನ್ನಡದ ಕೇಳುಗನಿಗೆ ಇದರಲ್ಲಿ ವಿಶೇಷವೇನೂ ಕಾಣಬೇಕಿಲ್ಲ. ವಚನದ ಕೊನೆಗೆ ಅಂಕಿತ ಬರುವುದನ್ನು ಅವನು ಹುಟ್ಟಿದಾಗಿನಿಂದ ಕೇಳಿದ್ದಾನೆ. ದೇವರ ಹೆಸರಿನ ಜಾಗದಲ್ಲಿ ಹಾಡಿದವಳ ಹೆಸರು ಬಂತು, ಅಷ್ಟೇ. ಆ ಗೌಹರ್ ಜಾನ್ ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡಳು.

ಮುಂದಿನದು ಸಮಗ್ರಾಧಿಕರಣ. ಹೊಸಬನಿಗೆ ಇಡೀ ನಾಟಕದ ರಿಕಾರ್ಡು ಬೇಕೋ, ಆಯ್ದ ಹಾಡು ಸಾಕೋ?

ಸಮಗ್ರವಾದಿಗಳು ಇಡಿಯನ್ನೇ ಕೇಳಬೇಕೆನ್ನುತ್ತಾರೆ. ತುಂಡು ಕೇಳುವುದು ಸಂಸ್ಕಾರಹೀನತೆ. ಈ ಪಂಥದ ಆದಿಗ್ರಂಥ 1903ರಲ್ಲಿ ಇಟಲಿಯಲ್ಲಿ ಹೊರಟ ವೆರ್ಡಿಯ ‘ಎರ್ನಾನಿ’. ಒಂದೇ ಮಗ್ಗುಲಿನ ನಲವತ್ತು ತಟ್ಟೆಗಳು. ಕೇಳುಗ ನಲವತ್ತು ಸಲ ಎದ್ದು ನಲವತ್ತು ಸಲ ಕೂರಬೇಕು. ಸೂರ್ಯನಮಸ್ಕಾರ ಪ್ರತ್ಯೇಕವಾಗಿ ಮಾಡುವ ಅಗತ್ಯವಿಲ್ಲ. ಈ ಪಂಥದ ಶಿಖರ ವಾಗ್ನರನ ‘ರಿಂಗ್’. ನಾಲ್ಕು ನಾಟಕ, ಸುಮಾರು ಹದಿನೈದು ಗಂಟೆ. ಡೆಕ್ಕಾ ಕಂಪನಿಯವರು ಇದನ್ನು ಜಾರ್ಜ್ ಶೋಲ್ಟಿಯ ನಿರ್ದೇಶನದಲ್ಲಿ ವಿಯೆನ್ನಾದಲ್ಲಿ ಹಿಡಿಯಲು ತೆಗೆದುಕೊಂಡದ್ದು 1958ರಿಂದ 1965ರವರೆಗೆ ಏಳು ವರ್ಷ. ಹೊರಬಂದದ್ದು ಹತ್ತೊಂಬತ್ತು ಎಲ್ಪಿ. ಮೂರು ನಿಮಿಷದ ಹಳೆಯ ಮಗ್ಗುಲಿನ ಲೆಕ್ಕದಲ್ಲಿ ಅದು ಮುನ್ನೂರು ಮಗ್ಗುಲು. ಪುಸ್ತಕಗಳಲ್ಲಿ ಹೊಸಬರಿಗೆ ಮೊದಲು ಇದನ್ನೇ ಶಿಫಾರಸು ಮಾಡುವ ವಿದ್ವಾಂಸರು ಇದ್ದಾರೆ. ಈಜು ಬಾರದವನನ್ನು ಆಲಮಟ್ಟಿ ಅಣೆಕಟ್ಟಿನ ಮೇಲಿಂದ ನೂಕುವವರೂ ಇವರೂ ಒಂದೇ ಗುರುಕುಲದವರು.

ಆಯ್ದವಾದಿಗಳ ವಾದ ಚಿಕ್ಕದು: ಹತ್ತಿಂಚಿನ ತಟ್ಟೆಯ ಒಂದು ಮಗ್ಗುಲಿನಲ್ಲಿ ಮೂರು ನಿಮಿಷ ಚಿಲ್ಲರೆ ಹಿಡಿಯುತ್ತದೆ, ದೇವರು ಅಷ್ಟೇ ಕೊಟ್ಟ, ತಕ್ಕೊಳ್ಳಿ.

ಇವರಿಬ್ಬರ ನಡುವೆ ತೀರ್ಪು ಕೊಡಲು ಒನ್ಸ್‌ಮೋರ್ ಎಂಬ ಸಂಸ್ಥೆಯನ್ನು ಪರಿಶೀಲಿಸಬೇಕು. ಮರಾಠಿ ರಂಗಗಾಯಕ ಬಾಲಗಂಧರ್ವರ ಕಾಲದ ನಾಟಕ ರಾತ್ರಿ ಶುರುವಾಗಿ ಬೆಳಗಿನ ಜಾವದ ತನಕ ನಡೆಯುತ್ತಿತ್ತೆಂದರೆ ಕಥೆ ಅಷ್ಟು ಉದ್ದವಿತ್ತೆಂದಲ್ಲ. ‘ಸೌಭದ್ರ’ದ ಕಥೆ ಎಲ್ಲರಿಗೂ ಗೊತ್ತು, ಸುಭದ್ರೆ ಅರ್ಜುನನಿಗೇ ಸಿಗುತ್ತಾಳೆಂಬುದೂ ಗೊತ್ತು, ಆದರೆ ಜನ ಒಂದೊಂದು ಪದವನ್ನೂ ತಿರುಗಿ ತಿರುಗಿ ಹಾಡಿಸುತ್ತಿದ್ದರು. ಹಾಡುವವರೂ ಪ್ರತಿ ಸಲ ಹೊಸ ಆಲಾಪ, ಹೊಸ ತಾನ ಹಾಕುತ್ತಿದ್ದರು. ಇದು ನಮ್ಮ ಜನರ ಅಶಿಸ್ತು ಎಂದು ಕೆಲವು ಸುಧಾರಕರು ಬೈದಿದ್ದಾರೆ. ಅವರು ವಿಯೆನ್ನಾ ಚರಿತ್ರೆ ಓದಿಲ್ಲ. 1786ರಲ್ಲಿ ಮೊಜಾರ್ಟನ ‘ಫಿಗರೊ ಮದುವೆ’ ಆಡಿದಾಗ ಅಲ್ಲಿಯ ಜನ ಎಷ್ಟು ಒನ್ಸ್‌ಮೋರ್ ಕೂಗಿದರೆಂದರೆ, ಒಬ್ಬರೇ ಹಾಡುವ ಹಾಡು ಬಿಟ್ಟು ಬೇರೆಯದನ್ನು ಪುನಃ ಹಾಡಬಾರದೆಂದು ಸಾಮ್ರಾಟ ಎರಡನೇ ಯೋಸೆಫನೇ ಅಪ್ಪಣೆ ಹೊರಡಿಸಬೇಕಾಯಿತು. ಸಾಂಗ್ಲಿಯ ಅರಸರು ಇಂಥ ಫರ್ಮಾನು ಹೊರಡಿಸಿದ್ದು ಕಾಣೆ. ಹೊರಡಿಸಿದ್ದರೆ ಪಿಟ್ಟಿನಿಂದ ಅದಕ್ಕೂ ಒನ್ಸ್‌ಮೋರ್ ಬರುತ್ತಿತ್ತು.

ಹೀಗಾಗಿ ಸಿದ್ಧಾಂತ: ಹಾಡಿನ ನಾಟಕದ ಕೇಳುಗ ಮೂಲತಃ ತುಂಡುಪ್ರಿಯ. ಇಡೀ ನಾಟಕ ಅವನಿಗೆ ನೆಪ, ಹಾಡು ಜೀವ. ಒನ್ಸ್‌ಮೋರನ್ನು ಮನೆಗೆ ತಂದುಕೊಳ್ಳುವ ಯಂತ್ರಕ್ಕೇ ಗ್ರಾಮೋಫೋನ್ ಎಂದು ಹೆಸರು. ಆಯ್ದವಾದಿಗಳೇ ಗೆದ್ದರು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ದುಡ್ಡಿದ್ದವನಿಗೆ ಆಯ್ಕೆಯ ಗೊಡವೆ ಯಾಕೆ, ಎಲ್ಲವನ್ನೂ ಕೊಂಡರಾಯಿತಲ್ಲ? ಇದಕ್ಕೆ ಉತ್ತರ ಹೇಳಲು ಕರ್ನಾಟಕದ ದೊಡ್ಡ ರಿಕಾರ್ಡು ಸಂಗ್ರಾಹಕರೊಬ್ಬರ ಕಡೆಗೆ ತಿರುಗಬೇಕು. ಮೈಸೂರಿನ ಕೊನೆಯ ಮಹಾರಾಜ ಜಯಚಾಮರಾಜ ಒಡೆಯರು ಕರ್ನಾಟಕ ಸಂಗೀತದಲ್ಲಿ ‘ಶ್ರೀವಿದ್ಯಾ’ ಅಂಕಿತದಿಂದ ಕೃತಿಗಳನ್ನು ರಚಿಸಿದವರು. ಅದರ ಜೊತೆಗೆ ಪಿಯಾನೊ ಕಲಿತು ಲಂಡನ್ನಿನ ಸಂಗೀತ ಪರೀಕ್ಷೆಗಳನ್ನೂ ಪಾಸು ಮಾಡಿದ್ದರು. ಅವರ ಅರಮನೆಯಲ್ಲಿ ಸುಮಾರು ಇಪ್ಪತ್ತು ಸಾವಿರ ರಿಕಾರ್ಡುಗಳಿದ್ದವು ಎಂದು ಆ ಕಾಲದ ಅಂದಾಜು. ಅಲ್ಲಿಗೆ ಬಂದು ಹೋದ ಇಎಂಐ ಕಂಪನಿಯ ವಾಲ್ಟರ್ ಲೆಗ್ ಆ ಸಂಗ್ರಹದ ಬಗ್ಗೆ ಬೆರಗಾಗಿ ಬರೆದಿಟ್ಟಿದ್ದಾನೆ.

ಇಪ್ಪತ್ತು ಸಾವಿರವಿದ್ದವರಿಗೂ ಬೇಕಾದದ್ದು ಅಂಗಡಿಯಲ್ಲಿರಲಿಲ್ಲ. ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ಸಂಗೀತಗಾರ ಲಂಡನ್ನಿನಲ್ಲಿ ಮುಪ್ಪಿನಲ್ಲಿದ್ದ, ಬಡತನದಲ್ಲಿದ್ದ, ಬಹುಪಾಲು ಮರೆತುಹೋಗಿದ್ದ. ಆತನ ಸಂಗೀತದ ರಿಕಾರ್ಡು ಸಿಗದಿದ್ದಾಗ ಮಹಾರಾಜರು ಸಿಗದು ಎಂದು ಸುಮ್ಮನಾಗಲಿಲ್ಲ. ಹಣ ಕೊಟ್ಟು ಮೆಟ್ನರ್ ಸೊಸೈಟಿಯನ್ನೇ ಕಟ್ಟಿಸಿ, ಮುದುಕನನ್ನು ಪಿಯಾನೊ ಮುಂದೆ ಕೂರಿಸಿ, ರಿಕಾರ್ಡು ಮಾಡಿಸಿದರು. ಅವನು ತನ್ನ ಮೂರನೇ ಪಿಯಾನೊ ಕಾನ್ಸೆರ್ಟೊವನ್ನು ಮೈಸೂರಿನ ದೊರೆಗೆ ಅರ್ಪಿಸಿದ. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರೌಸ್‌ನ ‘ನಾಲ್ಕು ಕೊನೆಯ ಗೀತೆ’ಗಳನ್ನು ವಾಗ್ನರ್ ನಾಟಕಗಳ ಮಹಾ ಗಾಯಕಿ ಕಿರ್ಸ್ಟನ್ ಫ್ಲಾಗ್‌ಸ್ಟಾಟ್ ಮೊಟ್ಟಮೊದಲ ಬಾರಿಗೆ ಹಾಡಿದಳು, ವಾದ್ಯಮೇಳ ನಡೆಸಿದವನು ಫುರ್ಟ್‌ವೆಂಗ್ಲರ್. ಆ ಕಾರ್ಯಕ್ರಮಕ್ಕೆ 4,800 ಡಾಲರಿನ ಜಾಮೀನು ನಿಂತವರು ಜಯಚಾಮರಾಜ ಒಡೆಯರು. ಅದರ ರಿಕಾರ್ಡೊಂದು ಮೈಸೂರಿಗೆ ಬರಬೇಕೆಂಬುದು ಅವರ ಅಪೇಕ್ಷೆ. ಆ ರಾತ್ರಿಯ ರಿಕಾರ್ಡು ಇಂದಿಗೂ ಉಳಿದಿದೆ. ಧ್ವನಿ ಅಷ್ಟೇನೂ ಸ್ವಚ್ಛವಲ್ಲ, ಕರಕರ ಸದ್ದು ಧಾರಾಳ.

ಈ ದೃಷ್ಟಾಂತದಿಂದ ಎರಡು ಸೂತ್ರ ಹೊರಡುತ್ತವೆ. ಇಪ್ಪತ್ತು ಸಾವಿರ ಇದ್ದರೂ ಇಪ್ಪತ್ತು ಸಾವಿರದ ಒಂದನೆಯದರ ಚಿಂತೆ ತಪ್ಪದು. ಇನ್ನೊಂದು, ಕೇಳುಗರು ಶುದ್ಧ ಧ್ವನಿಯ ವಿಷಯದಲ್ಲಿ ಮಾಡುವ ಗಲಾಟೆಗೆ ಹಾಡಿನ ಯೋಗ್ಯತೆಯೊಂದಿಗೆ ಸಂಬಂಧ ಕಡಿಮೆ. ವಳಸಂಗದವನು ಬಸ್ಸಿನಲ್ಲಿ ಪಕ್ಕದವನ ಮೊಬೈಲಿನಿಂದ ಹಾಡು ಕೇಳಿ ಆನಂದಪಟ್ಟವನಾದ್ದರಿಂದ ಎರಡನೇ ಸೂತ್ರ ಅವನಿಗೆ ಹೊಸದಾಗಿ ಬೋಧಿಸಬೇಕಿಲ್ಲ.

ಎಲ್ಲ ಕೊಳ್ಳುವುದರ ಅಪಾಯ ಹೇಳಿದ್ದಾಯಿತು. ಒಂದೇ ಕೇಳುವುದರ ಅಪಾಯವನ್ನೂ ಹೇಳದಿದ್ದರೆ ಗ್ರಂಥಕ್ಕೆ ಪಕ್ಷಪಾತದ ದೋಷ ತಟ್ಟುತ್ತದೆ. ಗದಗಿನ ಹುಡುಗ ಭೀಮಸೇನ ಜೋಶಿ ಅಬ್ದುಲ್ ಕರೀಂ ಖಾನರ ರಿಕಾರ್ಡು ಕೇಳಿದ; ಒಂದು ಮಗ್ಗುಲಿಗೆ ಬಸಂತ, ಇನ್ನೊಂದಕ್ಕೆ ಝಿಂಝೋಟಿ. ಆಮೇಲೆ 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರು ಹುಡುಕಿಕೊಂಡು ಮನೆ ಬಿಟ್ಟು ಓಡಿಹೋದ. ಗ್ವಾಲಿಯರ್, ಜಾಲಂಧರ ಎಂದು ಊರೂರು ಅಲೆದು ಕೊನೆಗೆ ಗುರು ಸಿಕ್ಕಿದ್ದು ತಮ್ಮದೇ ಸೀಮೆಯ ಕುಂದಗೋಳದಲ್ಲಿ: ಸವಾಯಿ ಗಂಧರ್ವರು, ಅದೇ ಕರೀಂ ಖಾನರ ಶಿಷ್ಯರು, ಸ್ವತಃ ಮರಾಠಿ ರಂಗಭೂಮಿಯಲ್ಲಿ ಮೆರೆದ ಕನ್ನಡಿಗರು. ಆ ಕರೀಂ ಖಾನರು ನೆಲೆಸಿದ್ದು ಜತ್ತದವರು ದವಾಖಾನೆಗೆಂದು ಹೋಗಿಬರುವ ಮಿರಜಿನಲ್ಲಿ. ತಂಬೂರಿ, ಸಿತಾರು ಮಾಡುವ ಮನೆತನಗಳ ಊರದು. 2024ರಲ್ಲಿ ಆ ವಾದ್ಯಗಳಿಗೆ ಭೌಗೋಳಿಕ ಗುರುತಿನ ಪಟ್ಟಿಯೂ ಸಿಕ್ಕಿದೆ. ಆದ್ದರಿಂದ ಮಗ ಕರೀಂ ಖಾನರ ಝಿಂಝೋಟಿ ಕೇಳುತ್ತಿರುವುದು ಕಂಡರೆ ವಳಸಂಗದ ತಂದೆತಾಯಿ ಮಿರಜಿನ ಬಸ್ಸಿನ ವೇಳಾಪಟ್ಟಿಯನ್ನು ಮೊದಲೇ ತಿಳಿದಿಟ್ಟುಕೊಳ್ಳುವುದು ಶಾಸ್ತ್ರಸಮ್ಮತ.

ಇಷ್ಟೆಲ್ಲ ಪೀಠಿಕೆಯ ನಂತರ ಗಾಯಕ ನಿರ್ಣಯ. ಸಾಂಗ್ಲಿ ಜಿಲ್ಲೆಯ ನಾಗಠಾಣೆಯಲ್ಲಿ 1888ರ ಜೂನ್ 26ರಂದು ಹುಟ್ಟಿದ ನಾರಾಯಣರಾವ್ ರಾಜಹಂಸ, ಎಂದರೆ ಬಾಲಗಂಧರ್ವರು, ಹೊಸ ಕೇಳುಗನ ಮೊದಲ ಮೆಟ್ಟಿಲು ಎಂಬುದು ಗ್ರಂಥಕಾರನ ಮತ. ಸ್ತ್ರೀ ಪಾತ್ರದಲ್ಲಿ ಅವರಿಗೆ ಸಮನಿಲ್ಲ. ‘ಸ್ವಯಂವರ’ದ ರುಕ್ಮಿಣಿಯ ಹಾಡುಗಳಿಗೆ ಮಟ್ಟು ಹಾಕಿದವರು ಭಾಸ್ಕರಬುವಾ ಬಖಲೆ, 1916ರ ಆ ನಾಟಕದಿಂದ ರಾಗಸಂಗೀತ ನೇರವಾಗಿ ರಂಗಕ್ಕೆ ಇಳಿಯಿತು. ತಬಲಾಕ್ಕೆ ಅಹ್ಮದ್‌ಜಾನ್ ತಿರಕವಾ, ಸಾರಂಗಿಗೆ ಕಾದರ್‌ಬಕ್ಷ್ ಅವರ ಕಂಪನಿಯಲ್ಲಿದ್ದರೆಂದರೆ ಬೇರೆ ಶಿಫಾರಸು ಯಾಕೆ. ಕೇಳುಗನ ಮನೆಯಲ್ಲಿ ನಡೆಯಬಹುದಾದ ವಾದವನ್ನು ಮಾತ್ರ ಮುಂಗಾಣಬೇಕು.

“ಅಲ್ಲೋ ತಮ್ಮಾ, ಯಾರಿಕಿ ಹೆಣಮಗಳು? ದನಿ ಭಾಳ ಚಂದೈತಿ.”

“ಕಾಕಾ, ಹೆಣಮಗಳಲ್ರೀ. ಗಂಡಸರು. ನಾಗಠಾಣೆದವ್ರು.”

“ನಾಗಠಾಣ ಅಂದ್ರ ನಮ್ಮ ವಿಜಾಪುರ ಹಂತ್ಯಾಕಿಂದು?”

“ಅದಲ್ರೀ, ಇದು ನಮ್ಮ ಜಿಲ್ಲಾದ್ದು.”

“ಹಂಗಾರ ಗಂಡಸಾಗಾಕ ಸಾಧ್ಯಿಲ್ಲ ತಗಿ.”

ಎರಡು ವಳಸಂಗ, ಎರಡು ನಾಗಠಾಣ: ಈ ಸೀಮೆಯಲ್ಲಿ ಮೂಲಪಾಠ ಹುಡುಕುವುದು ಸುಲಭವಲ್ಲ. ಕಾಕಾನ ಸಂಶಯಕ್ಕೆ ವೈಜ್ಞಾನಿಕ ಆಧಾರವೂ ಒಂದಿದೆ. ಹಳೆಯ ತಟ್ಟೆಗಳೆಲ್ಲ ಕರಾರುವಾಕ್ಕಾಗಿ ನಿಮಿಷಕ್ಕೆ 78 ಸುತ್ತು ತಿರುಗಲೆಂದು ಹಿಡಿದವಲ್ಲ. ಎಪ್ಪತ್ತರ ಆಸುಪಾಸಿನಿಂದ ಎಂಬತ್ತರ ಮೇಲಿನವರೆಗೂ ವ್ಯತ್ಯಾಸವಿದೆ. 71ರಲ್ಲಿ ಹಿಡಿದದ್ದನ್ನು 78ರಲ್ಲಿ ತಿರುಗಿಸಿದರೆ ಹಾಡು ಪೇಟಿಯ ಒಂದೂವರೆ ಮನೆ ಮೇಲೇರುತ್ತದೆ, ಗತಿಯೂ ಚುರುಕಾಗುತ್ತದೆ. ಗಂಭೀರ ಉಸ್ತಾದರು ಎಳೆಯ ಹುಡುಗರಂತೆ ಕೇಳಿಸುವುದುಂಟು. ಇಂಥದೊಂದು ತಪ್ಪು ಗತಿಯ ರಿಕಾರ್ಡು ಕೇಳಿ ಗಾಯಕರ ಕಂಠದ ತಾರುಣ್ಯದ ಮೇಲೆ ಪ್ರಬಂಧ ಬರೆಯಲು ಯಾವ ವಿದ್ವಾಂಸನಿಗೂ ಅಡ್ಡಿಯಿಲ್ಲ.

ಗಂಡು ಹೆಣ್ಣಾದ ಈ ಪ್ರಕರಣದ ಉತ್ತರಾರ್ಧ ಕನ್ನಡನಾಡಿಗೆ ಸೇರಿದ್ದು. ಬೀಳಗಿಯ ಗೋಹರಬಾಯಿ ಕರ್ನಾಟಕಿ 1930ರ ದಶಕದಲ್ಲಿ ಬಾಲಗಂಧರ್ವರ ಕಂಪನಿ ಸೇರಿ, ಅವರ ಶೈಲಿಯನ್ನೇ ಕರಗತ ಮಾಡಿಕೊಂಡು ನಾಯಕಿಯಾದಳು. ಅವಳ ತಂಗಿ ಅಮೀರಬಾಯಿ 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಪರಿಚಿತಳಾದಳು. ವಿಜಯಪುರದ ಅಮೀರ್ ಟಾಕೀಜಿಗೆ ಆ ಹೆಸರು ಅವಳಿಂದಲೇ ಬಂದದ್ದು. ಗುರುಶಿಷ್ಯರ ದನಿಗಳನ್ನು ಒಂದರ ಹಿಂದೆ ಒಂದು ಹಾಕಿ ಇಬ್ಬರಲ್ಲಿ ಹೆಣ್ಣು ಯಾರು ಎಂದು ಕಾಕಾನನ್ನು ಕೇಳುವ ಪ್ರಯೋಗವನ್ನು ಮುಂದಿನ ಸಂಶೋಧಕರಿಗೆ ಬಿಡಲಾಗಿದೆ.

ಯುರೋಪಿನ ಕಡೆಯಿಂದ ಏನನ್ನು ಮೊದಲು ಎತ್ತಿಕೊಳ್ಳಬೇಕು? ಉತ್ತರ ಕರ್ನಾಟಕದ ಸಣ್ಣಾಟ ನೋಡಿದವನಿಗೆ ಇದು ಸುಲಭ. ‘ಸಂಗ್ಯಾ ಬಾಳ್ಯಾ’ ಬೈಲಹೊಂಗಲದ ಕಡೆ ನಿಜವಾಗಿ ನಡೆದ ಕೊಲೆಯೊಂದರ ಮೇಲೆ ಕಟ್ಟಿದ ಆಟ: ಗೆಳೆಯರಿಬ್ಬರು, ಒಬ್ಬನ ಕಣ್ಣು ಪರರ ಹೆಂಡತಿ ಗಂಗಿಯ ಮೇಲೆ, ಕೊನೆಗೆ ಗೆಳೆಯನ ದ್ರೋಹದಿಂದಲೇ ಸಾವು. ಇಟಲಿಯಲ್ಲಿ 1890ರಲ್ಲಿ ಮಸ್ಕಾಗ್ನಿಯ ‘ಕವಲ್ಲೇರಿಯಾ ರುಸ್ತಿಕಾನಾ’, 1892ರಲ್ಲಿ ಲಿಯೋಂಕವಲ್ಲೊನ ‘ಪಲ್ಯಾಚಿ’ ಬಂದವು. ಎರಡರಲ್ಲೂ ಹಳ್ಳಿ, ಎರಡರಲ್ಲೂ ಪರಸ್ತ್ರೀ, ಎರಡರಲ್ಲೂ ಚಾಕು. ‘ಪಲ್ಯಾಚಿ’ಯ ಕರ್ತೃವೂ ಇದು ನಾನು ಚಿಕ್ಕವನಿದ್ದಾಗ ನಡೆದ ಕೊಲೆ ಎಂದೇ ಹೇಳಿಕೊಂಡಿದ್ದ. ಯುರೋಪಿನ ಪಂಡಿತರು ಇದನ್ನು ವೆರಿಸ್ಮೊ ಎಂಬ ಹೊಸ ಸಂಪ್ರದಾಯವೆಂದು ದೊಡ್ಡ ಪುಸ್ತಕ ಬರೆದರು. ಸಣ್ಣಾಟದವರು ಅದಕ್ಕೆ ಹೆಸರಿಡಲಿಲ್ಲ, ಡಗ್ಗಾ ಬಾರಿಸಿದರು.

‘ಪಲ್ಯಾಚಿ’ಯ ನಾಯಕ ನಾಟಕ ಕಂಪನಿಯ ವಿದೂಷಕ. ಹೆಂಡತಿಗೆ ಬೇರೊಬ್ಬನ ಮೇಲೆ ಮನಸ್ಸೆಂದು ಆಗತಾನೆ ತಿಳಿದಿದೆ; ಆಟದ ಹೊತ್ತಾಗಿದೆ; ಮುಖಕ್ಕೆ ಬಣ್ಣ ಬಳಿದುಕೊಂಡು ಜನರನ್ನು ನಗಿಸಲೇಬೇಕು. ಬಣ್ಣ ಹಚ್ಚಿಕೊಳ್ಳುವ ಮೊದಲು ಅವನು ಹಾಡುವ ಹಾಡನ್ನು ಕರೂಸೊ 1902, 1904, 1907ರಲ್ಲಿ ಮೂರು ಸಲ ರಿಕಾರ್ಡು ಮಾಡಿದ. ಮೂರು ಪಾಠಗಳಲ್ಲಿ ವಾದ್ಯವೃಂದದೊಂದಿಗೆ ಹಾಡಿದ 1907ರದ್ದನ್ನೇ ಹೊಸಬ ಆರಿಸಿಕೊಳ್ಳಬೇಕು. ದನಿ ಆಗ ತುಂಬಿ ಬಂದಿತ್ತು. ಎರಡೂವರೆ ಮೂರು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಇಟಾಲಿಯನ್ ಬಾರದಿದ್ದರೂ ಅಳು ತಿಳಿಯುತ್ತದೆ.

ಇದೇ ಸಂಗತಿ ಸಾಂಗ್ಲಿಯ ಮಗನ ಬಾಳಿನಲ್ಲಿ ಕಥೆಯಾಗಿರದೆ ನಡೆದುಹೋಗಿದೆ. 1911ರ ಮಾರ್ಚ್ 12, ‘ಮಾನಾಪಮಾನ’ದ ಮೊದಲ ಪ್ರಯೋಗ. ಅಂದೇ ಬಾಲಗಂಧರ್ವರ ಎಳೆಯ ಮಗಳು ತೀರಿಕೊಂಡಳು. ಆಟ ನಿಲ್ಲಿಸೋಣವೆಂದರೂ ಅವರು ಒಪ್ಪಲಿಲ್ಲ. ಸಿಂಗರಿಸಿಕೊಂಡು ರಂಗಕ್ಕೆ ಬಂದು ಭಾಮಿನಿಯಾಗಿ ಹಾಡಿದರು. ಜನ ಒನ್ಸ್‌ಮೋರ್ ಕೂಗಿದರು. ಗ್ರಂಥದ ಈ ಭಾಗಕ್ಕೆ ಟೀಕೆ ಬರೆಯಲು ಯಾವ ಭಾಷ್ಯಕಾರನೂ ಸಿಗಲಿಲ್ಲ.

ಮಿಕ್ಕ ವಿಷಯಗಳನ್ನು ಬೇಗ ಮುಗಿಸಬಹುದು. ಭಾಷೆಯ ತೊಂದರೆ ವಳಸಂಗದವನಿಗೆ ಇಲ್ಲ. ಬೆಂಗಳೂರಿನ ಕೇಳುಗ ಮರಾಠಿ ಪದಗಳಿಗೆ ಅರ್ಥ ಹುಡುಕಿಕೊಂಡು ಕೂರುವಾಗ ಇವನು ಚಹಾ ಕುಡಿಯುತ್ತ ಕೇಳಬಹುದು. ಯುರೋಪಿನ ಕಥೆಗಳಿಗೆ ಹೆದರುವವನು ದೇವಲರ ‘ಸಂಶಯಕಲ್ಲೋಳ’ದಿಂದ ಹೊರಡಲಿ, ಅದು ಫ್ರೆಂಚರ ಮೊಲಿಯೇರನ ಪ್ರಹಸನ ಇಂಗ್ಲಿಷ್ ದಾರಿಯಿಂದ ಸಾಂಗ್ಲಿ ಸೇರಿದ್ದು. ಸಿನಿಮಾದ ಮೂಲಕ ಬರುವವರನ್ನು ಕೀಳಾಗಿ ನೋಡುವ ಪದ್ಧತಿ ಪಂಡಿತರಲ್ಲಿದೆ. 1967ರ ‘ಕಟ್ಯಾರ ಕಾಳಜಾತ ಘುಸಲಿ’ ನಾಟಕ 2015ರಲ್ಲಿ ಸಿನಿಮಾ ಆದಾಗ, ಆ ಹಾಡುಗಳಿಂದ ಹಿಂದಕ್ಕೆ ನಡೆದು ನಾಟಕದ ವಸಂತರಾವ್ ದೇಶಪಾಂಡೆಯವರನ್ನು ಮುಟ್ಟಿದ ಎಳೆಯರು ಬಹಳ. ಹಿಂದಿನ ಬಾಗಿಲಿನಿಂದ ಬಂದವರಿಗೂ ಪಂಕ್ತಿಯಲ್ಲಿ ಎಲೆ ಹಾಕುವುದೇ ಸರಿ.

ಆದ್ದರಿಂದ ನಿರ್ಣಯ. ಮೊದಲು ಬಾಲಗಂಧರ್ವರ ರುಕ್ಮಿಣಿ, ಒಂದೇ ಮಗ್ಗುಲು. ಅದು ಬಾಯಿಗೆ ಬರುವ ತನಕ ಎರಡನೆಯದಕ್ಕೆ ಕೈ ಹಾಕಬಾರದು. ಆಮೇಲೆ ಕರೀಂ ಖಾನರ ಝಿಂಝೋಟಿ, ಬಸ್ಸಿನ ವೇಳಾಪಟ್ಟಿಯ ಎಚ್ಚರಿಕೆಯೊಂದಿಗೆ. ಮೂರನೆಯದು ಕರೂಸೊನ 1907ರ ವಿದೂಷಕ. ಇಷ್ಟಾದ ಮೇಲೂ ಹಸಿವು ಉಳಿದು, ಇಡೀ ನಾಟಕವೊಂದನ್ನು ಕೇಳಿಯೇ ತೀರುತ್ತೇನೆಂದರೆ ಪುಚ್ಚೀನಿಯ ‘ತೋಸ್ಕಾ’ ಸಾಕು: 1953ರಲ್ಲಿ ಮಿಲಾನಿನ ಲಾ ಸ್ಕಾಲಾ ರಂಗಮಂದಿರದಲ್ಲಿ ಹಿಡಿದದ್ದು, ಮರಿಯಾ ಕಲ್ಲಾಸ್, ದಿ ಸ್ತೆಫಾನೊ, ತೀತೊ ಗೊಬ್ಬಿ ಹಾಡಿದ್ದು. ಅದನ್ನು ತಯಾರಿಸಿದವನು ಮೈಸೂರಿಗೆ ಬಂದು ಹೋಗಿದ್ದ ಅದೇ ವಾಲ್ಟರ್ ಲೆಗ್. ಎರಡು ಗಂಟೆಯ ಒಳಗೆ ಮುಗಿಯುತ್ತದೆ, ಎರಡನೇ ಅಂಕದಲ್ಲಿ ಊಟದ ಮೇಜಿನ ಚಾಕುವೂ ಇದೆ. ವಾಗ್ನರನನ್ನು ನಿವೃತ್ತಿಗೆ ಇಟ್ಟುಕೊಳ್ಳಬೇಕು.

ಕೊನೆಗೆ ಒಂದು ವಿನಂತಿ. ಜತ್ತ ಸೀಮೆಯ ಹಳೆಯ ಮನೆಗಳ ಅಟ್ಟದ ಮೇಲೆ, ಟ್ರಂಕಿನಲ್ಲಿ, ಹಳೆಯ ಗ್ರಾಮೋಫೋನ್ ಪ್ಲೇಟುಗಳು ಇದ್ದರೆ ಬಿಸಾಡಬೇಡಿ, ಗುಜರಿಯವನಿಗೆ ಕೊಡಬೇಡಿ. ಅವು ಅರಗು ಮತ್ತು ಕಲ್ಲಿನ ಪುಡಿ ಕಲಸಿ ಮಾಡಿದವು. ಹೊಳಪು ಬರಲೆಂದು ಸ್ಪಿರಿಟ್ ಹಚ್ಚಿ ಉಜ್ಜಿದರೆ ಅರಗು ಕರಗಿ ಹಾಡು ಹೋಗುತ್ತದೆ. ತುಸು ಒದ್ದೆ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಿಂದ ತೇವ ತೆಗೆದು, ನೆರಳಿನಲ್ಲಿ ನೆಟ್ಟಗೆ ನಿಲ್ಲಿಸಿ ಇಡಿ. ಬಿಸಿಲಿಗೆ ಬಾಗುತ್ತವೆ, ಒಂದರ ಮೇಲೊಂದು ಪೇರಿಸಿದರೆ ಒಡೆಯುತ್ತವೆ. ಚೀಟಿಯ ಮೇಲೆ ಬರೆದ ಹೆಸರು, ನಂಬರುಗಳನ್ನು ಒಂದು ವಹಿಯಲ್ಲಿ ಬರೆದುಕೊಳ್ಳಿ.